ಅರ್ಜಿಯ ಇಂಗ್ಲಿಷು, ಅಜ್ಜಿಯ ಬಾವಿ

ಇಂಗ್ಲಿಷಿನಲ್ಲಿ ಕುಡಿಯಲು ನೀರು ಕೇಳುವುದನ್ನು ಕಲಿಯುವ ಮೊದಲೇ ನಾನು ಕಂದಾಯ ಮಾಫಿ ಮಾಡಿ ಎಂದು ಕೇಳುವುದನ್ನು ಕಲಿತಿದ್ದೆ. ಹುಣಸೆ ಮರ ಕಡಿಯಲು ಅಪ್ಪಣೆ ಬೇಡುವುದು, ಜ್ವರದ ಕಾರಣ ಹತ್ತು ದಿನ ರಜೆ ಕೇಳುವುದು, ಪಕ್ಕದ ಹೊಲದವನ ಹೋರಿಯ ಮೇಲೆ ದೂರು ಕೊಡುವುದು, ಇವೆಲ್ಲ ನನಗೆ ಒಂಬತ್ತು ತುಂಬುವ ಹೊತ್ತಿಗೆ ಬಾಯಿಪಾಠವಾಗಿದ್ದವು. ಆದರೆ ಬೆಕ್ಕು, ಅನ್ನ, ಹಸಿವು ಇವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಯಾರಾದರೂ ಕೇಳಿದ್ದರೆ ಕಣ್ಣು ಕಣ್ಣು ಬಿಡುತ್ತಿದ್ದೆ. ಮುಂದೆ ನಾನೇ ಎಷ್ಟೋ ಹುಡುಗಿಯರಿಗೆ ಇಂಗ್ಲಿಷು ಹೇಳಿಕೊಟ್ಟೆ. ಅವರೆಲ್ಲ ಬೆಕ್ಕಿನಿಂದ ಶುರು ಮಾಡಿ ಕ್ರಮವಾಗಿ ಮೇಲೇರಿದರು. ನಾನೊಬ್ಬಳೇ ಮೇಲಿನಿಂದ ಕೆಳಕ್ಕೆ ಇಳಿದು ಬಂದವಳು. ಹಾಗೆ ಇಳಿಯುವಾಗ ಒಮ್ಮೆ ಎಡವಿ, ನಮ್ಮ ಮನೆಯ ಬಾವಿಯನ್ನೇ ಇನ್ನೇನು ಕಳೆದುಬಿಡುತ್ತಿದ್ದೆ.

ನಮ್ಮ ಮನೆ ಚಿಕ್ಕಜಾಜೂರಿನಲ್ಲಿ, ಸ್ಟೇಷನ್ನಿನ ಬೆನ್ನಿಗೆ ಇತ್ತು. ರೈಲು ಹೋದಾಗಲೆಲ್ಲ ಅಡಿಗೆಮನೆಯ ಹಲಗೆಯ ಮೇಲಿನ ತಟ್ಟೆ ಲೋಟಗಳು ಗಿಣಿಗಿಣಿ ಅನ್ನುತ್ತಿದ್ದವು. ಅವ್ವ ಹಳೆಯ ಸೀರೆಯ ಚೂರುಗಳನ್ನು ಒಂದೊಂದರ ನಡುವೆ ಸಿಕ್ಕಿಸಿ ಅವುಗಳ ಬಾಯಿ ಮುಚ್ಚಿಸಿದ್ದಳು. ಅಪ್ಪನದು ಗಾಡಿಯ ವ್ಯಾಪಾರ. ಹೊಳಲ್ಕೆರೆ, ಚಿತ್ರದುರ್ಗದ ಕಡೆಯಿಂದ ಅರಳೆ ಅಂಡಿಗೆ, ಹುರುಳಿ ಮೂಟೆಗಳನ್ನು ಎತ್ತಿನ ಗಾಡಿಗಳಲ್ಲಿ ತಂದು ರೈಲಿಗೆ ತುಂಬಿಸುವುದು ಅವನ ಕೆಲಸ. ಮುಂದೆ ಜಗಲಿ, ಅದರ ಹಿಂದೆ ಪಡಸಾಲೆ, ಒಂದು ಪಕ್ಕ ದೇವರ ಕೋಣೆ, ಇನ್ನೊಂದು ಪಕ್ಕ ಅಡಿಗೆ, ಎಲ್ಲವನ್ನೂ ದಾಟಿದರೆ ಹಿತ್ತಲು, ದನದ ಕೊಟ್ಟಿಗೆ, ಮತ್ತೆ ಬಾವಿ. ಬಾವಿಯ ಆಚೆ ಒಂದು ಬೇಲಿ, ಬೇಲಿಯ ಆಚೆ ರೈಲಿನ ಕಂಬಿ. ಊರಿನಲ್ಲಿ ಬಾವಿಗಳು ಬೇಕಾದಷ್ಟು ಇದ್ದರೂ ಬಹಳಷ್ಟರ ನೀರು ಸವಳು. ಬೇಳೆ ಹಾಕಿದರೆ ಬೇಯುತ್ತಿರಲಿಲ್ಲ, ಬಾಯಿಗೆ ಬಿಟ್ಟುಕೊಂಡರೆ ಮುಖ ಹಿಂಡಿಕೊಳ್ಳಬೇಕು. ನಮ್ಮದು ಮಾತ್ರ ಸಿಹಿ ನೀರು. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅಜ್ಜನ ಜೊತೆ ತಾನೂ ಮಣ್ಣಿನ ಬುಟ್ಟಿ ಹೊತ್ತು ತೋಡಿಸಿದ ಬಾವಿ ಅದು. ಅಜ್ಜ ಹೋಗಿ ಎಷ್ಟೋ ವರ್ಷಗಳಾಗಿದ್ದವು, ಬಾವಿ ಇತ್ತು.

ಅಜ್ಜಿ ಬೆಳಿಗ್ಗೆ ಮೊದಲ ಕೊಡ ತಾನೇ ಸೇದಿ, ಒದ್ದೆ ಸೀರೆಯಲ್ಲೇ ಲಿಂಗಪೂಜೆಗೆ ಕೂರುತ್ತಿದ್ದಳು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ ಮುಂಬಾಗಿಲಿಗೆ ಬಂದು ನಿಂತು, ಎದುರಿಗೆ ಮೊದಲು ಕಂಡವರಿಗೆ ಕೈ ಮುಗಿದು ಶರಣು ಅನ್ನುವಳು. ಅದು ಮಠದ ಅಯ್ಯನೇ ಆಗಬಹುದು, ಟಪಾಲಿನವನಾಗಬಹುದು, ನಮ್ಮದೇ ಗಾಡಿ ಹೊಡೆಯುವ ಹನುಮಂತನಾಗಬಹುದು. ಹಾಗೆಯೇ ನಮ್ಮ ಹೊಸಿಲಲ್ಲಿ ನಿಂತು ಯಾರಾದರೂ ಶರಣು ಅಂದರೆ ಅವರಿಗೆ ಮೊದಲು ಮಜ್ಜಿಗೆ ಕೊಡಬೇಕು, ಆಮೇಲೆ ಬಂದ ಕೆಲಸ ಕೇಳಬೇಕು, ಇದು ಮನೆಯ ಕಟ್ಟಳೆ. ಕುಡಿದಾದ ಮೇಲೆ ಬಂದವರು ಕೇಳಿದ್ದನ್ನು ಅಜ್ಜಿ ಕೊಡುತ್ತಿದ್ದಳು ಎಂದೇನಿಲ್ಲ. ಇಲ್ಲ ಅನ್ನುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಮಜ್ಜಿಗೆ ಕೊಡದೆ ಇಲ್ಲ ಅಂದವಳಲ್ಲ.

ನನಗೆ ಇಂಗ್ಲಿಷು ಬಂದದ್ದು ಅಪ್ಪನ ಅವಮಾನದಿಂದ. ಸರಕಿನ ವಿಷಯಕ್ಕೆ ಅವನಿಗೆ ಆಗಾಗ ಇಂಗ್ಲಿಷಿನ ಕಾಗದಗಳು ಬರುತ್ತಿದ್ದವು. ಅವನ್ನು ಹಿಡಿದುಕೊಂಡು ಸ್ಟೇಷನ್ನಿನ ತಂತಿ ಗುಮಾಸ್ತನ ಹತ್ತಿರ ಹೋಗಬೇಕು. ಆತ ಎಲೆಯಡಿಕೆ ಮೆಲ್ಲುತ್ತ ಅರ್ಧ ಓದಿ, ಅರ್ಧ ನುಂಗಿ, ಹಮಾಲರ ಮುಂದೆ ಅಪ್ಪನನ್ನು ಗೇಲಿ ಮಾಡುತ್ತಿದ್ದ. ಒಂದು ದಿನ ಅಪ್ಪ ಮನೆಗೆ ಬಂದವನೇ ರುಮಾಲು ಬಿಸಾಡಿ, ಈ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಈ ಹಾಳು ಭಾಷೆ ಬರಲೇಬೇಕು ಎಂದ. ಮನೆಯಲ್ಲಿದ್ದವರು ಅಜ್ಜಿ, ಅವ್ವ, ನಾನು. ಗಂಡುಮಕ್ಕಳಿರಲಿಲ್ಲ. ಅವ್ವನಿಗೂ ಅಪ್ಪನಿಗೂ ಎರಡು ದಿನ ಮಾತು ನಡೆಯಿತು. ಇಂಗ್ಲಿಷು ಕಲಿತವಳನ್ನು ಯಾರು ಮದುವೆಯಾಗುತ್ತಾರೆ ಎಂದು ಅವ್ವ. ಕಲಿತಿದ್ದಾಳೆಂದು ಊರಿಗೆಲ್ಲ ಡಂಗುರ ಹೊಡೆಸಬೇಡ ಎಂದು ಅಪ್ಪ. ಕೊನೆಗೆ ಅವ್ವ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

"ದೀಪದ ಬುರುಡೆ ಒರೆಸಾದ ಮೇಲೆ, ಹಿಟ್ಟು ನಾದೋಕೆ ಮುಂಚೆ. ಅಷ್ಟೊತ್ತೇ. ಇದರಿಂದ ಮನೆಗೆ ಏನಾದ್ರೂ ಎಡವಟ್ಟಾತು ಅಂದ್ರೆ ಅವತ್ತಿಗೇ ಮುಗೀತು ನೋಡು."

ಕಲಿಸಲು ಬಂದವರು ರಾಯರು. ಹೊಳಲ್ಕೆರೆಯ ತಾಲ್ಲೂಕು ಕಚೇರಿಯಲ್ಲಿ ಆಯುಷ್ಯವೆಲ್ಲ ನಕಲು ಬರೆದು, ನಿವೃತ್ತರಾಗಿ, ಹೆಂಡತಿಯ ತವರೆಂದು ನಮ್ಮೂರಿಗೆ ಬಂದು ನೆಲೆಸಿದ್ದರು. ನಮ್ಮ ಮನೆಯಲ್ಲಿ ತೊಟ್ಟು ನೀರು ಕುಡಿಯುವವರಲ್ಲ. ತಮ್ಮದೇ ಚೊಂಬು ಹಗ್ಗ ತಂದು, ನಮ್ಮ ಬಾವಿಯಿಂದ ತಾವೇ ಸೇದಿಕೊಂಡು ಕುಡಿಯುತ್ತಿದ್ದರು. ಅವರ ಹತ್ತಿರ ಮಕ್ಕಳ ಪುಸ್ತಕಗಳಿರಲಿಲ್ಲ. ಇದ್ದದ್ದು ಒಂದು ತಗಡಿನ ಪೆಟ್ಟಿಗೆ ತುಂಬ ಅರ್ಜಿಯ ಕರಡುಗಳು. ತಾಲ್ಲೂಕಿನ ಜನ ಸರ್ಕಾರವನ್ನು ಏನೇನು ಕೇಳಬಹುದೋ ಅವೆಲ್ಲ ಅದರಲ್ಲಿದ್ದವು. ಜಗಲಿಯ ಮೇಲೆ ಚಾಪೆ ಹಾಸಿ, ದಿನಕ್ಕೊಂದು ಕರಡು ತೆಗೆದು ಓದಿಸಿ, ಅರ್ಥ ಹೇಳಿ, ಸ್ಲೇಟಿನ ಮೇಲೆ ಬರೆಸುತ್ತಿದ್ದರು. ಎಲ್ಲವೂ 'ಐ ಬೆಗ್ ಟು ಸ್ಟೇಟ್' ಎಂದು ಶುರುವಾಗುತ್ತಿದ್ದವು, ಅಂದರೆ ಅರಿಕೆ ಮಾಡಿಕೊಳ್ಳುತ್ತೇನೆ ಎಂದು. ಎಲ್ಲವೂ 'ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್' ಎಂದು ಮುಗಿಯುತ್ತಿದ್ದವು, ಅಂದರೆ ತಮ್ಮ ಅತ್ಯಂತ ವಿಧೇಯ ಸೇವಕ ಎಂದು. ಹಾಗೇಕೆ ಬರೆಯಬೇಕು ಎಂದು ಒಮ್ಮೆ ಕೇಳಿದ್ದೆ.

"ಕೇಳುವವನು ಕೆಳಗಿರ್ತಾನಮ್ಮ, ಕೊಡುವವನು ಮೇಲಿರ್ತಾನೆ. ಕೆಳಗಿದ್ದವನು ಮೇಲಿದ್ದವನಿಗೆ ಹೀಗೇ ಬರೀಬೇಕು."

ನಾನು ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇಂಗ್ಲಿಷೆಂದರೆ ಬೇಡುವ ಭಾಷೆ ಎಂದೇ ನನ್ನ ತಿಳಿವಳಿಕೆ. ಇಂಗ್ಲಿಷರ ಮನೆಯಲ್ಲಿ ಮಕ್ಕಳು ತಾಯಿಯ ಮುಂದೆ ನಿಂತು, ಬೆಳಗಿನಿಂದ ಏನೂ ತಿನ್ನದ ಕಾರಣ ಒಂದು ರೊಟ್ಟಿ ದಯಪಾಲಿಸಬೇಕಾಗಿ ಅರಿಕೆ, ಎಂದು ಹೇಳುತ್ತಾರೇನೋ ಅಂದುಕೊಂಡು ಆ ಮಕ್ಕಳ ಬಗ್ಗೆ ಮರುಗಿದ್ದೂ ಉಂಟು. ಒಂದು ದಿನ ರಾಗಿ ಬೀಸುವುದನ್ನು ತಪ್ಪಿಸಿಕೊಳ್ಳಲು ಅವ್ವನಿಗೇ ಒಂದು ರಜೆ ಅರ್ಜಿ ಬರೆದುಕೊಟ್ಟೆ. ಅವ್ವ ಅದನ್ನು ಒಲೆಗೆ ಹಾಕಿ, ಬೀಸುವ ಕಲ್ಲಿನ ಮುಂದೆ ಕೂರಿಸಿದಳು. ಹೀಗೆ ಒಂದು ವರ್ಷ ಕಳೆಯುವ ಹೊತ್ತಿಗೆ ಅಪ್ಪ ತಂತಿ ಗುಮಾಸ್ತನ ಹತ್ತಿರ ಹೋಗುವುದನ್ನು ಬಿಟ್ಟಿದ್ದ. ಕಾಗದ ಬಂದರೆ ಪಡಸಾಲೆಯಲ್ಲಿ ಕಂಬಳಿ ಹಾಸಿಸಿ, ಕೋಟು ರುಮಾಲು ಹಾಕಿಕೊಂಡು ಕುಳಿತು, ಓದವ್ವಾ ಎನ್ನುತ್ತಿದ್ದ. ಕೋಟಿಲ್ಲದೆ ಇಂಗ್ಲಿಷು ಕೇಳುವುದು ಅವನಿಗೆ ಸರಿ ಕಾಣುತ್ತಿರಲಿಲ್ಲ. ಅಷ್ಟು ಹೊತ್ತು ಆ ಮನೆಯಲ್ಲಿ ನನಗಿಂತ ದೊಡ್ಡವರು ಯಾರೂ ಇಲ್ಲ ಅನ್ನಿಸುತ್ತಿತ್ತು, ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ರೈಲ್ವೆಯ ಎಂಜಿನಿಯರ್ ಸಾಹೇಬರ ಕಾಗದ ಬಂದಾಗ ರಾಯರು ಊರಲ್ಲಿರಲಿಲ್ಲ. ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಹೊಸದುರ್ಗಕ್ಕೆ ಹೋಗಿದ್ದರು. ಕಾಗದ ಅಜ್ಜಿಯ ಹೆಸರಿಗೆ ಬಂದಿತ್ತು, ಏಕೆಂದರೆ ಮನೆ ಹಿತ್ತಲು ಅವಳ ಹೆಸರಿನಲ್ಲಿದ್ದವು. ಕಂಬಳಿ ಬಿತ್ತು, ಅಪ್ಪ ಕೋಟು ತೊಟ್ಟ. ಅಜ್ಜಿ ದೇವರ ಕೋಣೆಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತ ಕುಳಿತಳು. ಅವ್ವ ಅಡಿಗೆಮನೆಯ ಒಳಗಿನಿಂದ ಕಿವಿ ಕೊಟ್ಟಳು. ನಾನು ಒಂದೊಂದೇ ಸಾಲು ಓದಿ ಕನ್ನಡ ಮಾಡಿದೆ. ಸ್ಟೇಷನ್ನಿನಲ್ಲಿ ಸರಕಿನ ಗಾಡಿಗಳಿಗೆ ಹೊಸದಾಗಿ ಒಂದು ಕಂಬಿ ಹಾಕಬೇಕೆಂದು ಯೋಚನೆ ಇದೆ. ಅದಕ್ಕೆ ನಿಮ್ಮ ಹಿತ್ತಲು ಬೇಕಾಗುತ್ತದೆ. ಅದರಲ್ಲಿರುವ ಬಾವಿಯನ್ನು ಮುಚ್ಚಬೇಕಾಗುತ್ತದೆ. ತಮ್ಮ ತಕರಾರು ಏನಾದರೂ ಇದ್ದರೆ ಒಂದು ತಿಂಗಳ ಒಳಗೆ ತಿಳಿಸಬಹುದು. ಅಲ್ಲಿಗೆ ಬಂದಾಗ ಅಜ್ಜಿಯ ಕೈಯ ಬತ್ತಿ ನಿಂತಿತ್ತು. ನಾನು ಕೊನೆಯ ಸಾಲು ಓದಿದೆ. ಓದಿ, ನನಗೇ ನಂಬಿಕೆಯಾಗದೆ ಇನ್ನೊಮ್ಮೆ ಓದಿದೆ.

"ತಮ್ಮ ಅತ್ಯಂತ ವಿಧೇಯ ಸೇವಕ ಅಂತ ಬರ್ದಾರೆ ಅಜ್ಜೀ."

"ಯಾರು ಬರ್ದಿರೋದು?"

"ಸಾಹೇಬ್ರು. ಕೆಳಗೆ ರುಜು ಐತೆ."

"ಯಾರಿಗೆ?"

"ನಿನಗೇ."

ಅಪ್ಪ ರುಮಾಲು ತೆಗೆದು ಮತ್ತೆ ಇಟ್ಟುಕೊಂಡ. ಇದರ ಅರ್ಥವೇನೆಂದು ಅವನು ಕೇಳಿದಾಗ, ಒಂದು ವರ್ಷದ ವಿದ್ಯೆಯನ್ನೆಲ್ಲ ಒಟ್ಟು ಮಾಡಿ ನಾನು ಹೇಳಿದೆ: ಹೀಗೆ ಬರೆಯುವವನು ಕೇಳುವವನು, ಕೆಳಗಿರುವವನು. ಬರೆಸಿಕೊಳ್ಳುವವನು ಕೊಡುವವನು, ಮೇಲಿರುವವನು. ಸಾಹೇಬರು ನಮಗೆ ಅರ್ಜಿ ಹಾಕಿಕೊಂಡಿದ್ದಾರೆ. ನಾವು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ಹೇಳುವಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಜ್ಜಿ ಬತ್ತಿಯನ್ನು ಮತ್ತೆ ಹೊಸೆಯತೊಡಗಿದಳು.

"ಕೇಳೋನು ಕಾಗದದಾಗೆ ಕೇಳ್ತಾನೇನು? ಮನೆಗೆ ಬರ್ಲಿ. ಮಜ್ಜಿಗೆ ಕೊಟ್ಟು ಇಲ್ಲ ಅಂತೀನಿ."

ತಂತಿ ಗುಮಾಸ್ತನ ಹತ್ತಿರ ಒಮ್ಮೆ ತೋರಿಸಿಬಿಡೋಣವೇ ಎಂದು ಅವ್ವ ಒಳಗಿನಿಂದ ಕೇಳಿದಳು. ಮನೆಯಲ್ಲಿ ಓದುವವಳು ಇರುವಾಗ ಅವನ ಬಾಗಿಲು ಯಾಕೆ ತುಳಿಯಲಿ ಎಂದು ಅಪ್ಪ ಗುಡುಗಿದ. ಮರುದಿನದಿಂದ ಸಾಹೇಬರ ಬರವಿಗೆ ಸಿದ್ಧತೆ ನಡೆಯಿತು. ಜಗಲಿಗೆ ಕೆಮ್ಮಣ್ಣು ಸಾರಿಸಿದರು, ಗೋಡೆಗೆ ಸುಣ್ಣ ಬಳಿದರು. ದಿನವೂ ಒಂದು ಗಡಿಗೆ ಮೊಸರು ಹೆಚ್ಚಿಗೆ ಹೆಪ್ಪು ಹಾಕಿ, ಸಾಹೇಬರು ಬಾರದ್ದರಿಂದ ಸಂಜೆ ನಾವೇ ಅದನ್ನು ಮುದ್ದೆಗೆ ಕಲೆಸಿ ಉಣ್ಣುತ್ತಿದ್ದೆವು. ಅಪ್ಪ ಹೊಳಲ್ಕೆರೆ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ಎಂಜಿನಿಯರ್ ಸಾಹೇಬ್ರು ನಮ್ಮವ್ವನ ಸೇವಕ ಅಂತ ರುಜು ಹಾಕ್ಯಾರೆ, ಎಂದು ಹೇಳಿಕೊಂಡು ಬಂದ. ದಿನಗಳು ಹಾಗೆ ಕಳೆದವು, ಯಾರೂ ಬರಲಿಲ್ಲ. ಕೊನೆಗೆ ಬಂದವರು ಸರಪಳಿ ಹಿಡಿದ ನಾಲ್ಕು ಜನ ಕೂಲಿಗಳು. ಅವರು ಶರಣು ಅನ್ನಲಿಲ್ಲ, ಬಾಗಿಲಿಗೂ ಬರಲಿಲ್ಲ. ಬೇಲಿ ದಾಟಿ ಬಂದು ಅಳತೆ ಹಿಡಿದು, ಬಾವಿಯ ಈಚೆ ಮನೆಯ ಬದಿಗೆ ಒಂದು ಗೂಟ ಹೊಡೆದು, ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೋದರು. ಅಂದರೆ ಬಾವಿ ಅವರ ಕಡೆಗೆ ಸೇರಿತ್ತು. ಅಜ್ಜಿ ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನಾನೂ ಏಳಲಿಲ್ಲ.

ಮರುದಿನ ರಾಯರು ಹೊಸದುರ್ಗದಿಂದ ಬಂದರು. ಕಾಗದ ನೋಡಿದವರೇ ಹಣೆ ಚಚ್ಚಿಕೊಂಡರು. ಗಡುವಿಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಇದು ಅರ್ಜಿಯಲ್ಲ, ಹುಕುಂ, ಎಂದರು. ಹಾಗಿದ್ದರೆ ಸೇವಕ ಎಂದು ಯಾಕೆ ಬರೆದರು ಎಂದು ನಾನು ಅಳುತ್ತ ಕೇಳಿದೆ. ಮೇಲಿನವರೂ ಹಾಗೇ ಬರೆಯುತ್ತಾರಮ್ಮ, ನಾನು ಹೇಳಲು ಮರೆತೆ, ಎಂದರು ರಾಯರು ತಲೆ ತಗ್ಗಿಸಿ. ನಿಜ ಹೇಳಬೇಕೆಂದರೆ ಅವರು ಮರೆತದ್ದಲ್ಲ. ಅಷ್ಟು ವರ್ಷವೂ ಅವರು ಕೆಳಗಿನಿಂದ ಮೇಲಕ್ಕೆ ಬರೆಯುವುದನ್ನೇ ಮಾಡಿದ್ದರು. ಮೇಲಿನಿಂದ ಅವರ ಹೆಸರಿಗೆ ಒಂದು ಕಾಗದವೂ ಬಂದಿರಲಿಲ್ಲ. ಅಜ್ಜಿ ಮಾತ್ರ ಅವರನ್ನು ಬಿಡಲಿಲ್ಲ.

"ಹಂಗಾದ್ರೆ ಆ ಮಾತಿಗೆ ಅರ್ಥ ಏನು ರಾಯರೇ?"

"ಅರ್ಥ ಏನಿಲ್ಲ ತಾಯಿ. ಪದ್ಧತಿ. ಎಲ್ಲರೂ ಎಲ್ಲರಿಗೂ ಬರೀತಾರೆ."

"ಅರ್ಥ ಇಲ್ದಿದ್ದನ್ನ ಸಾಹೇಬ ಕುಂತ್ಕಂಡು ಬರೀತಾನಾ?"

"ಅವರೆಲ್ಲಿ ಬರೀತಾರೆ? ಇದು ಗುಮಾಸ್ತನ ಕೈ. ನೋಡಿ, ಮೇಲಿಂದ ಸೇವಕ ಅನ್ನುವವರೆಗೂ ಒಂದೇ ದುಂಡು ಅಕ್ಷರ. ಸಾಹೇಬರದು ಕೆಳಗಿನ ರುಜು ಒಂದೇ."

ಅಜ್ಜಿಗೆ ಓದಲು ಬಾರದು. ಆದರೂ ಕಾಗದವನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು, ದುಂಡು ಅಕ್ಷರಗಳನ್ನೂ, ಅವುಗಳ ಕೆಳಗೆ ಜೇಡ ಓಡಿದ ಹಾಗಿದ್ದ ರುಜುವನ್ನೂ ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದು, ನನ್ನ ಸ್ಲೇಟು, ಕರಡಿನ ಕಟ್ಟು ಎಲ್ಲವನ್ನೂ ಎತ್ತಿ ಅಟ್ಟದ ಮೇಲೆ ಹಾಕಿದಳು. ಬೈದಿದ್ದರೆ ವಾಸಿಯಿತ್ತು. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಮಗ್ಗುಲಲ್ಲಿ ಕುಳಿತೆ. ಬಾವಿ ಹೋಗುವುದು ನನ್ನಿಂದ, ಮೊದಲ ಕೊಡದ ನೀರಿಲ್ಲದೆ ಅಜ್ಜಿಯ ಪೂಜೆ ನಿಲ್ಲುವುದು ನನ್ನಿಂದ, ಎಂಬ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟೊಂದು ನಾಚಿಕೆ ಪಟ್ಟದ್ದು ಇಂದಿಗೂ ನನ್ನ ಮೈಯಲ್ಲಿ ಇದೆ. ಈಗಲೂ ಯಾರದಾದರೂ ಕಾಗದ ಓದಿ ಹೇಳುವ ಮೊದಲು ನನ್ನೊಳಗೇ ಎರಡು ಸಲ ಓದಿಕೊಳ್ಳುತ್ತೇನೆ.

ಅಜ್ಜಿ ಹುಡುಕಿಕೊಂಡು ಕೊಟ್ಟಿಗೆಗೇ ಬಂದಳು. ಕೈಯಲ್ಲಿ ನನ್ನ ಸ್ಲೇಟು ಇತ್ತು. ಆ ವಯಸ್ಸಿನಲ್ಲಿ ಅಟ್ಟ ಹತ್ತಿದ್ದಳು.

"ಏಳೇ ಗಿರಿಜಾ. ಓದಿ ಕೆಡಿಸಿದೋಳು ನೀನೇ, ಬರ್ದು ಸರಿ ಮಾಡೋಳೂ ನೀನೇ. ಬಾ, ಹೋಗಾಣ."

ಜಗಲಿಯ ಮೇಲೆ ತಕರಾರು ಅರ್ಜಿ ಬರೆಯಲು ಕುಳಿತೆವು. ಅಜ್ಜಿ ಹೇಳುವುದು, ರಾಯರು ಅದನ್ನು ಇಂಗ್ಲಿಷು ಮಾಡುವುದು, ನಾನು ಬರೆಯುವುದು. ರಾಯರ ಕೈ ನಡುಗುತ್ತಿದ್ದುದರಿಂದ ಅವರು ಶುದ್ಧಪ್ರತಿ ಬರೆಯುವಂತಿರಲಿಲ್ಲ. ಈ ಬಾವಿಯನ್ನು ತಾನೂ ಗಂಡನೂ ತೋಡಿಸಿದ್ದು, ಸುತ್ತಲಿನ ಬಾವಿಗಳು ಸವಳಾಗಿರುವುದು, ರೈಲ್ವೆಯ ಹಮಾಲರ ಮನೆಗಳಿಗೂ ಇಲ್ಲಿಂದಲೇ ನೀರು ಹೋಗುವುದು, ಇಷ್ಟನ್ನು ಅಜ್ಜಿ ಒಂದೂ ಹೆಚ್ಚಿನ ಮಾತಿಲ್ಲದೆ ಹೇಳಿದಳು. ಕೊನೆಗೆ ರಾಯರು, ಇನ್ನು ವಿಧೇಯ ಸೇವಕಿ ಅಂತ ಬರಿಯಮ್ಮ, ಎಂದರು ನನಗೆ. ಅಜ್ಜಿ ಕೈ ಅಡ್ಡ ಹಿಡಿದಳು.

"ನಾನ್ಯಾಕೆ ಅವನ ಸೇವಕಿ ಆಗ್ಲಿ? ನನ್ನ ಬಾವಿ ನನಗೆ ಬಿಡು ಅನ್ನೋಕೆ?"

ಅದಿಲ್ಲದಿದ್ದರೆ ಕಾಗದ ಮುಟ್ಟಿಯೂ ನೋಡುವುದಿಲ್ಲ ಎಂದರು ರಾಯರು. ಬರೀ ಪದ್ಧತಿ ಕಣವ್ವಾ, ಅರ್ಥ ಇಲ್ಲಂತೆ ಎಂದ ಅಪ್ಪ. ಅರ್ಥವಿಲ್ಲದ್ದನ್ನು ನನ್ನ ಹೆಸರಿನ ಮೇಲೆ ಬರೆಯುವುದು ಬೇಡ ಎಂದು ಅಜ್ಜಿ ಕುಳಿತುಬಿಟ್ಟಳು. ಹೊತ್ತು ಏರುತ್ತಿತ್ತು. ಸಾಹೇಬರು ಚಿತ್ರದುರ್ಗದ ಮುಸಾಫಿರಿ ಬಂಗಲೆಯಲ್ಲಿ ಬಿಡಾರ ಹೂಡಿದ್ದಾರೆಂದು ಸ್ಟೇಷನ್ನಿನಲ್ಲಿ ಕೇಳಿ ತಿಳಿದಿದ್ದೆವು. ಅಷ್ಟು ದೂರ ಗಾಡಿ ಹೋಗಬೇಕು, ಎತ್ತು ಹೂಡಿಕೊಂಡು ಹನುಮಂತ ಕಾಯುತ್ತಿದ್ದ. ಅವನನ್ನು ನೋಡಿದಾಗಲೇ ನನಗೆ ಹೊಳೆದದ್ದು.

"ಅಜ್ಜೀ, ದಿನಾ ಬೆಳಿಗ್ಗೆ ಹನುಮಂತನಿಗೂ ಶರಣು ಅಂತೀಯಲ್ಲ. ಹಂಗಂದ್ರೆ ನೀನು ಅವನ ಆಳಾ?"

ಅಪ್ಪ ನನ್ನ ಬಾಯಿ ಮುಚ್ಚಿಸಲು ಕೈ ಎತ್ತಿದ. ಅಜ್ಜಿ ಹನುಮಂತನ ಕಡೆ ನೋಡಿದಳು. ಅವನು ಏನೂ ತಿಳಿಯದೆ ನಕ್ಕ.

"ಅಂದಾಗ ಆಗ್ತೀನಿ ಕಣೇ," ಎಂದಳು ಅಜ್ಜಿ. "ಅನ್ನೋ ಅಷ್ಟೊತ್ತು ನಿಜವಾಗ್ಲೂ ಆಗ್ತೀನಿ. ಇಲ್ದಿದ್ರೆ ಯಾಕನ್ನಲಿ?"

ಆಮೇಲೆ ನನ್ನ ಕಡೆ ತಿರುಗಿ, ಬರಿ ಎಂದಳು. ನಾನು ಬರೆದೆ. ಅವಳು ಎರಡೂ ಕೈ ಮುಗಿದು, ಬೆಳಿಗ್ಗೆ ಬಾಗಿಲಲ್ಲಿ ನಿಲ್ಲುವಳಲ್ಲ, ಹಾಗೆಯೇ ಕಣ್ಣು ಮುಚ್ಚಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಅಪ್ಪ ಕಾಗದವನ್ನು ರುಮಾಲಿನೊಳಗೆ ಇಟ್ಟುಕೊಂಡು ಗಾಡಿ ಹತ್ತಿದ. ಮರುದಿನ ಗಡುವಿನೊಳಗೇ ಅದು ಸಾಹೇಬರ ಕೈ ಸೇರಿತು.

ಒಂದು ವಾರದ ಮೇಲೆ ಸಾಹೇಬರು ಬಂದರು. ಕಂಬಿಯ ಮೇಲೆ ಆಳುಗಳು ತಳ್ಳುವ ಟ್ರಾಲಿಯಲ್ಲಿ ಕೊಡೆ ಹಿಡಿಸಿಕೊಂಡು ಬಂದು, ಬೇಲಿಯ ಕಡೆಯಿಂದಲೇ ಗೂಟ ನೋಡಲು ಇಳಿದರು. ತೆಳ್ಳಗೆ, ಬಿಸಿಲಿಗೆ ಸುಟ್ಟ ಮುಖ, ಅಂಥ ವಯಸ್ಸೇನೂ ಇಲ್ಲ. ಬರ್ರಿ, ಕುಂತ್ಕಳ್ರಿ, ಎಂದು ಅಪ್ಪ ಓಡಾಡಿದ. ಅಜ್ಜಿ ಮಜ್ಜಿಗೆ ತಂದಳು, ಮುತ್ತುಗದ ಎಲೆಯ ದೊನ್ನೆಯಲ್ಲಿ. ಸಾಹೇಬರು ಆ ದೊನ್ನೆಯನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿದರು. ನಮ್ಮ ಲೋಟಕ್ಕೆ ಅವರ ತುಟಿ ತಾಗಬಾರದೆಂದು ದೊನ್ನೆ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ಪದ್ಧತಿಯ ಒಳಗೆ ಏನಿರುತ್ತದೆಂದು ನಾವೂ ಅವರಿಗೆ ಹೇಳಿರಲಿಲ್ಲವಲ್ಲ. ಆಮೇಲೆ ಅಜ್ಜಿ ಒಂದು ಬಿಂದಿಗೆ ಸೇದಿ ಇನ್ನೊಂದು ದೊನ್ನೆಗೆ ನೀರು ಬಗ್ಗಿಸಿದಳು. ಅವರು ಕುಡಿದು ಏನೋ ಅಂದರು. ನನ್ನ ಅಷ್ಟೂ ಅರ್ಜಿಗಳಲ್ಲಿ ಆ ಮಾತು ಒಂದು ಕಡೆಯೂ ಬಂದಿರಲಿಲ್ಲ. ನನಗೆ ಗೊತ್ತಾಗಲಿಲ್ಲ ಅಜ್ಜೀ, ಎಂದೆ ಸಣ್ಣಗೆ.

"ಮುಖ ನೋಡಿದ್ರೆ ಗೊತ್ತಾಗಲ್ವೇನೇ? ನೀರು ಸಿಹಿ ಐತೆ ಅಂದ."

ಸಾಹೇಬರ ಜೊತೆ ಒಬ್ಬ ದುಬಾಷಿ ಇದ್ದ. ಆದರೆ ಅಜ್ಜಿ ಅವನನ್ನು ಬದಿಗೆ ಸರಿಸಿ ನನ್ನ ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದಳು. ಅಪ್ಪನ ಮುಖ ಬಿಳಿಚಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಬಾವಿ ಉಳಿಸು ಎಂದು ಅಜ್ಜಿ ಕೇಳುತ್ತಾಳೆ ಎಂದುಕೊಂಡು ನಾನು ಅದಕ್ಕೆ ಬೇಕಾದ ಸಾಲುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಜ್ಜಿ ಅದನ್ನು ಕೇಳಲೇ ಇಲ್ಲ.

"ಅವನಿಗೆ ಹೇಳು. ನೀನು ನನ್ನ ಸೇವಕ ಅಂತ ಬರೆಸಿದೆ, ನಾನು ನಿನ್ನ ಸೇವಕಿ ಅಂತ ಬರೆಸಿದೆ. ನಾನು ಕೈ ಮುಗಿದು ಬರೆಸಿದೀನಿ. ನಿಂದು ಗುಮಾಸ್ತನ ಕೈಯಂತೆ. ಇನ್ನೊಂದು ಕಾಗದ ಕಳಿಸ್ತೀಯಲ್ಲ, ಬಾವಿ ಮುಚ್ತೀನಿ ಅಂತಾದ್ರೂ ಬರಿ, ಬಿಡ್ತೀನಿ ಅಂತಾದ್ರೂ ಬರಿ. ಆ ಕೊನೇ ಸಾಲು ಮಾತ್ರ ನಿನ್ನ ಕೈಯಾಗೆ ನೀನೇ ಬರಿ."

ಇದನ್ನು ಹೇಗೆ ಹೇಳಲಿ? ನನ್ನ ಹತ್ತಿರ ಇದ್ದದ್ದು ಕೆಳಗಿನಿಂದ ಮೇಲಕ್ಕೆ ಹೋಗುವ ಇಂಗ್ಲಿಷು ಒಂದೇ. ಅಜ್ಜಿಯ 'ನೀನು' ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಅವಳ ಮಾತನ್ನು ಬಿಟ್ಟು ಬಾವಿಯನ್ನು ಬೇಡಿಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಅಜ್ಜಿಗೆ ತಿಳಿಯುತ್ತಿರಲಿಲ್ಲ, ಸಾಹೇಬರು ಕರಗಿದರೂ ಕರಗಬಹುದಿತ್ತು. ಆದರೆ ಭುಜದ ಮೇಲೆ ಅವಳ ಕೈ ಇತ್ತು, ನೀರು ಸೇದಿ ಇನ್ನೂ ಒದ್ದೆಯಾಗಿದ್ದ ಕೈ. ಒಮ್ಮೆ ತಪ್ಪು ಓದಿ ಹೇಳಿದ್ದಾಗಿತ್ತು. ಇನ್ನೊಮ್ಮೆ, ಅದೂ ಬೇಕೆಂದೇ, ನನ್ನಿಂದ ಆಗಲಿಲ್ಲ. ಉಸಿರು ಹಿಡಿದು ಶುರು ಮಾಡಿದೆ.

"ಸರ್, ಐ ಬೆಗ್ ಟು ಸ್ಟೇಟ್ ದಟ್ ಮೈ ಗ್ರ್ಯಾಂಡ್‌ಮದರ್..."

ರಜೆಯ ಅರ್ಜಿಗಳಲ್ಲಿ ಅಜ್ಜಿಯಂದಿರು ಬಹಳ ಸಾಯುತ್ತಿದ್ದರು, ಹಾಗಾಗಿ ಆ ಮಾತು ನನಗೆ ಗೊತ್ತಿತ್ತು. ಉಳಿದದ್ದನ್ನು ಕಂದಾಯ ಮಾಫಿಯಿಂದ ಒಂದಿಷ್ಟು, ಹೋರಿಯ ದೂರಿನಿಂದ ಒಂದಿಷ್ಟು ಎತ್ತಿಕೊಂಡು ಹೊಲಿದೆ. ಮಹಾಪ್ರಭುಗಳು ದಯವಿಟ್ಟು ಕೊನೆಯ ಸಾಲನ್ನು ಸ್ವಹಸ್ತದಿಂದ ಬರೆಯುವ ಕೃಪೆ ಮಾಡಬೇಕೆಂದು ನನ್ನ ಅಜ್ಜಿ ಪ್ರಾರ್ಥಿಸುತ್ತಾಳೆ, ಏಕೆಂದರೆ ಅವಳು ತನ್ನ ಸಾಲನ್ನು ನಿಜವಾಗಿ ಬರೆಸಿದ್ದಾಳೆ, ಎಂದು ಮುಗಿಸಿದೆ. ಸಾಹೇಬರ ತುಟಿಯ ತುದಿಯಲ್ಲಿ ಮೊದಲಿಗೆ ನಗು ಬಂದಿತ್ತು. ಮುಗಿಯುವ ಹೊತ್ತಿಗೆ ಇರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಜ್ಜಿಯನ್ನು ನೋಡಿದರು. ಅಜ್ಜಿ ಕೈ ಮುಗಿದು ಶರಣು ಎಂದಳು. ಅವರು ಖಾಲಿ ದೊನ್ನೆಗಳನ್ನು ಬಾವಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟು, ಟ್ರಾಲಿಯ ಕಡೆಗೆ ಹೋದರು.

ಕಾಗದ ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನವೂ ಕೆಂಪು ಬಟ್ಟೆಯ ಗೂಟ ಹಿತ್ತಲಲ್ಲೇ ಇತ್ತು. ಅಜ್ಜಿ ಅದನ್ನು ಸುತ್ತಿಕೊಂಡು ಹೋಗಿ ಮೊದಲ ಕೊಡ ಸೇದುತ್ತಿದ್ದಳು. ಕೊನೆಗೊಂದು ದಿನ ಟಪಾಲಿನವನು ಬಂದ. ಅಪ್ಪ ಗಾಡಿಯ ಜೊತೆ ಹೊಳಲ್ಕೆರೆಗೆ ಹೋಗಿದ್ದ. ಕೋಟು ಕಂಬಳಿ ಯಾವುದಕ್ಕೂ ಕಾಯದೆ ಅಜ್ಜಿ ನನ್ನನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ಕಟ್ಟೆಯ ಮೇಲೆ ಕೂರಿಸಿದಳು. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನಾನು ಲಕೋಟೆ ಒಡೆದೆ.

"ಮೊದಲು ಕೊನೇದು ನೋಡು," ಎಂದಳು ಅಜ್ಜಿ.

"ಬಾವಿ ಏನಾತು ಅಂತ ಬೇಡ್ವಾ ಅತ್ತೇ?" ಅವ್ವ ಕೂಗಿದಳು.

"ಅದು ಆಮೇಲೆ. ಗಿರಿಜಾ, ಯಾರ ಕೈ?"

ಕಾಗದದ ತುಂಬ ಅದೇ ಗುಮಾಸ್ತನ ದುಂಡು ಅಕ್ಷರ. ಕೆಳಗೆ ಬಂದೆ. ದುಂಡು ಅಕ್ಷರಗಳು ಒಂದು ಕಡೆ ನಿಂತುಹೋಗಿದ್ದವು. ಅವುಗಳ ಕೆಳಗೆ ಬೇರೆ ಶಾಯಿಯಲ್ಲಿ, ಜೇಡ ಓಡಿದ ಹಾಗೆ, ಸೊಟ್ಟಗೆ, ಓದಲು ಕಷ್ಟವಾಗುವಂತೆ ಒಂದು ಸಾಲು ಇತ್ತು. ಅದರ ಕೆಳಗೆ ಅದೇ ಶಾಯಿಯ, ಅದೇ ಕೈಯ ರುಜು.

"ಅವರದೇ ಅಜ್ಜೀ. ಸಾಹೇಬ್ರೇ ಬರ್ದಾರೆ."

ಅಜ್ಜಿ ಕಾಗದ ಇಸಿದುಕೊಂಡು ಆ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅದನ್ನು ನನಗೆ ವಾಪಸು ಕೊಟ್ಟು, ಬಾವಿ ಏನಾಯಿತೆಂದು ಓದಿ ಅವ್ವನಿಗೆ ಹೇಳು ಎಂದಳು. ನಾನು ಮೇಲಿನಿಂದ ಓದತೊಡಗಿದೆ. ನಾನು ಇನ್ನೂ ಎರಡನೆಯ ಸಾಲಿನಲ್ಲಿ ಇರುವಾಗಲೇ, ಕಾಗದದಲ್ಲಿ ಏನಿದೆಯೆಂದು ಕಾಯದೆ, ಅಜ್ಜಿ ಸೆರಗು ಸಿಕ್ಕಿಸಿ, ನೆಲದಿಂದ ಆ ಗೂಟವನ್ನು ಕಿತ್ತು ಬೇಲಿಯ ಆಚೆಗೆ ಎಸೆದಿದ್ದಳು.